ಒಸಿ ಹಾಲು

ನಮ್ಮ ಮನೆಯಲ್ಲಿ ಹಸು ಇತ್ತು, ಮಗಳಿಗೆ ಹಾಲಿರಲಿಲ್ಲ. ಹಾಲು, ಬೇಳೆ, ಮೊಟ್ಟೆ ಯಾವುದೂ ಅವಳ ಮೈಗೆ ಅರಗುತ್ತಿರಲಿಲ್ಲ. ಅರಗದೆ ಉಳಿದದ್ದು ರಕ್ತದಲ್ಲಿ ವಿಷವಾಗುತ್ತಿತ್ತು. ಬೆಂಗಳೂರಿನ ಡಾಕ್ಟರು ಹೇಳಿದ ಆ ಕಾಯಿಲೆಯ ಹೆಸರು ದೊಡ್ಡಆಲಹಳ್ಳಿ ಕಡೆಯ ನಮ್ಮ ಯಾರ ನಾಲಿಗೆಗೂ ಹೊರಳಲಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ಮಗುವಿಗೆ ಬರುವಂಥದ್ದು ಎಂದರು. ಆ ಅಪರೂಪ ನಮ್ಮ ಬಾಗಿಲನ್ನೇ ಹುಡುಕಿಕೊಂಡು ಬರಬೇಕಿತ್ತೇ ಎಂದು ನನಗೆ ಇವತ್ತಿಗೂ ಸಿಟ್ಟು.

ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕುತ್ತವೆಯೇ ಎಂದು ಜನ ಮಾತುಮಾತಿಗೂ ಗಾದೆ ಆಡುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಒಂದೇ ಆಗಿತ್ತು.

ಸಂಜೆ ನಾನು ಹಾಲು ಕರೆಯಲು ಕೂತರೆ ಅವಳು ಪಕ್ಕದಲ್ಲೇ ನಿಲ್ಲುತ್ತಿದ್ದಳು. ನಾಲ್ಕು ವರ್ಷದ ಹುಡುಗಿ, ಯಜಮಾನಿಯ ಗತ್ತು. ಕರುವಿಗೆ ಕುಡಿಸಿ ಎಳೆದು ಕಟ್ಟಿದ ಮೇಲೆ ಅವಳ ಪಂಚಾಯಿತಿ ಶುರು.

“ಅದುಕ್ಕೆ ಒಸಿ ಕೊಟ್ಟೆ. ನಂಗೂ ಒಸಿ ಕೊಡವ್ವ.”

“ನಿಂಗೆ ಆಗಾಕಿಲ್ಲ ಕಣೆ, ಚಿನ್ನ.”

“ಒಸೀನೇ.”

ಎಷ್ಟು ಎಂದು ಕೇಳಿದರೆ ಬೆರಳ ತುದಿ ತೋರಿಸುತ್ತಿದ್ದಳು. ಅಷ್ಟನ್ನೂ ನಾನು ಕೊಡಲಿಲ್ಲ. ಅಳುತ್ತಿರಲಿಲ್ಲ ಅವಳು. ಕರುವಿನ ಬಾಯಿಗಂಟಿದ ನೊರೆಯನ್ನು ತನ್ನ ಲಂಗದಿಂದ ಒರೆಸಿ, “ಸಾಕು, ಜಾಸ್ತಿ ಕುಡುದ್ರೆ ಆಸ್ಪತ್ರೆಗೆ ಹಾಕ್ತಾರೆ” ಎಂದು ಅದಕ್ಕೆ ಬುದ್ಧಿ ಹೇಳುತ್ತಿದ್ದಳು.

“ಹಸ ಕಟ್ಟಿರೋ ಮನೇಲಿ ಮಗೀಗೆ ಹಾಲಿಲ್ವಂತೆ” ಎಂದು ಆಡಿಕೊಂಡ ನೆಂಟರಿಗೆ ನಾನು ಕರಿ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಕುಡಿಯಲಿ, ಗೊತ್ತಾಗಲಿ ಎಂದು.

ಕೊನೆಗೆ ಅವಳನ್ನು ಕೊಂಡೊಯ್ದದ್ದು ಹಾಲಲ್ಲ, ಮಾಮೂಲಿ ಜ್ವರ. ಜ್ವರದಲ್ಲಿ ಊಟ ಸೇರದಿದ್ದರೆ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ, ಅದರಿಂದಲೂ ಅದೇ ವಿಷ ಏರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬೆಂಗಳೂರಿಗೆ ಹೊರಟ ಕಾರು ಹಾರೋಹಳ್ಳಿ ದಾಟುವ ಹೊತ್ತಿಗೆ ಅವಳು ಕರೆದರೆ ಓಗೊಡುತ್ತಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಿಂದ ಬಟ್ಟೆಯಲ್ಲಿ ಸುತ್ತಿ ತಂದೆವು. ತೊಡೆಯ ಮೇಲೆ ಭಾರವೇ ಇರಲಿಲ್ಲ. ನಮ್ಮ ಹೊಲದ ಬದಿಯಲ್ಲೇ ಮಣ್ಣು ಮಾಡಿದರು.

ಮೂರನೇ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗದಲ್ಲಿ ಹತ್ತಿರದವರೆಲ್ಲ ಒಬ್ಬೊಬ್ಬರಾಗಿ ಹಾಲು, ತುಪ್ಪ ಬಿಡುವ ಶಾಸ್ತ್ರ. ನನಗೆ ಗೊತ್ತಿಲ್ಲದ್ದೇನಲ್ಲ, ಎಷ್ಟೋ ಹಿರಿಯರಿಗೆ ಬಿಟ್ಟಿದ್ದೇನೆ. ಆದರೆ ಅತ್ತೆ ಚೊಂಬು ತಂದು ಮುಂದೆ ಹಿಡಿದಾಗ ನೋಡಿದೆ. ನಮ್ಮ ಹಸುವಿನದೇ ಹಾಲು. ಆಗತಾನೆ ಕರೆದದ್ದು, ನೊರೆ ಇನ್ನೂ ಇಳಿದಿರಲಿಲ್ಲ.

“ಹಾಲು ಬ್ಯಾಡ. ಅವ್ಳಿಗೆ ಆಗಾಕಿಲ್ಲ” ಎಂದುಬಿಟ್ಟೆ.

ನನ್ನ ಗಂಡ ಹೊಲದ ಕಡೆ ಮುಖ ತಿರುಗಿಸಿದರು. ಅತ್ತೆ ನನ್ನ ಕೈ ಹಿಡಿದು, “ಇನ್ನೇನವ್ವ ಆದಾತು ಅದುಕ್ಕೆ? ಒಸಿ ಬುಡು. ಎಲ್ರೂ ಬುಡಬೇಕಲ್ಲ” ಎಂದರು.

ಒಸಿ. ಚೊಂಬನ್ನು ಕಿತ್ತುಕೊಂಡು, ಅವಳ ತಲೆಯ ಕಡೆ ಕೂತು, ಅಷ್ಟೂ ಹಾಲನ್ನು ಸುರಿದೆ. ಒಣಗಿದ ಮಣ್ಣು, ಹಾಕಿದಷ್ಟೂ ಕುಡಿಯಿತು. ನನ್ನ ಹಿಂದೆ ಕಾದು ನಿಂತಿದ್ದವರಿಗೆ ಒಂದು ತೊಟ್ಟೂ ಉಳಿಯಲಿಲ್ಲ. ಅವರು ಬರೀ ತುಪ್ಪ ಬಿಟ್ಟರು.