ಕಪ್ಪು ಮೂರು ಎಂದು ನಾನು ಹೇಳಿದ್ದು

ಸರೋಜಕ್ಕನ ಗಂಟಲು ತಾನಾಗಿ ಕೈಕೊಟ್ಟದ್ದಲ್ಲ. ಆ ಆದಿತ್ಯವಾರ ಮಧ್ಯಾಹ್ನ ಮೂಡುಬಿದಿರೆಯ ಸಭಾಭವನದಲ್ಲಿ, ತುಂಬಿದ ಸಭೆಯ ಎದುರು ಅವರ ಸ್ವರ ಒಡೆದದ್ದಕ್ಕೆ ಕಾರಣ ನಾನು. ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿದ್ದು ನಾನು. ಅವರು ಕೇಳಿದಾಗ ಸುಳ್ಳು ಹೇಳಿದ್ದೂ ನಾನೇ. ಒಂಬತ್ತು ವರ್ಷ ಆಯಿತು. ಇದುವರೆಗೆ ಯಾರಿಗೂ ಹೇಳಿಲ್ಲ — ಹೇಳುವ ಧೈರ್ಯ ಇರಲಿಲ್ಲ ಎಂದರೆ ಅರ್ಧ ನಿಜ. ಹೇಳದಿದ್ದರೂ ದಿನ ಕಳೆಯುತ್ತಿತ್ತು, ಅದು ಇನ್ನರ್ಧ.

ನಾನು ವೇಣೂರಿನಲ್ಲಿ ಬಟ್ಟೆ ಹೊಲಿಯುವವಳು. ರವಿಕೆ, ಶಾಲೆಯ ಯೂನಿಫಾರ್ಮು, ಮದುವೆ ಸೀಸನ್ನಿನಲ್ಲಿ ಸೀರೆಗೆ ಕುಚ್ಚು. ಇದು ಹೊಟ್ಟೆಪಾಡು. ಆದರೆ ನನ್ನ ಜಂಬ ಇರುವುದು ಬೇರೆ ಕಡೆ. ನನ್ನ ಅಪ್ಪ ಮನೆಯಲ್ಲೇ ಕೂತು ಯಕ್ಷಗಾನದ ಮದ್ದಳೆ ರಿಪೇರಿ ಮಾಡುತ್ತಿದ್ದರು. ಅವರ ಪಕ್ಕ ಕೂತು ಕೂತು ನಾನೂ ಕಲಿತೆ — ಬಾರಿಸುವುದನ್ನೂ, ಕಟ್ಟುವುದನ್ನೂ. ಅನ್ನವನ್ನೂ ಕಬ್ಬಿಣದ ಕಿಟ್ಟದ ಪುಡಿಯನ್ನೂ ನುಣ್ಣಗೆ ಅರೆದು ಚರ್ಮದ ನಡುವೆ ತೆಳ್ಳಗೆ ಹಚ್ಚಬೇಕು, ಕಲ್ಲಿನಿಂದ ತಿಕ್ಕಬೇಕು, ಒಣಗಿಸಬೇಕು, ಮತ್ತೆ ಹಚ್ಚಬೇಕು. ಮದ್ದಳೆಯ ಮುಖದ ಮೇಲೆ ಕಾಣುವ ಆ ಕಪ್ಪು ವೃತ್ತಕ್ಕೆ ಕರ್ಣೆ ಎನ್ನುತ್ತೇವೆ. ಮದ್ದಳೆಗೆ ನಾದ ಬರುವುದು ಅದರಿಂದ. ಅಡುಗೆಮನೆಯ ಒಂದು ಮೂಲೆಯಲ್ಲಿ ಕರ್ಣೆ, ಇನ್ನೊಂದು ಮೂಲೆಯಲ್ಲಿ ಸಾರು — ನನ್ನ ಗಂಡ ತಮಾಷೆ ಮಾಡುವುದುಂಟು, ಎರಡನ್ನೂ ಅದಲು ಬದಲು ಮಾಡಬೇಡ ಎಂದು.

ಸರೋಜಕ್ಕ ಸಿದ್ದಕಟ್ಟೆಯವರು, ಕನ್ನಡ ಟೀಚರಾಗಿದ್ದವರು, ನಮ್ಮ ಮಹಿಳಾ ಯಕ್ಷಗಾನ ತಂಡದ ಭಾಗವತರು. ಭಾಗವತರು ಎಂದರೆ ಹಾಡುವವರು. ಆಟದ ಚುಕ್ಕಾಣಿ ಅವರ ಕೈಯಲ್ಲಿ. ಹೆಂಗಸರು ಆಟ ಮಾಡುವುದೆಂದರೆ ಮೂಗು ಮುರಿಯುವವರ ಎದುರು ಜಾಗಟೆ ಹಿಡಿದು ಕೂತು ಹಾಡಿದವರು ಅವರು. ನಾನು ಅವರ ಬಲಗಡೆ ಕೂತು ಹದಿನಾಲ್ಕು ವರ್ಷ ಮದ್ದಳೆ ಬಾರಿಸಿದ್ದೇನೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನನ್ನನ್ನು ಒಂದು ದಿನವೂ ಗದರಿದವರಲ್ಲ.

ಹಾರ್ಮೋನಿಯಂನ ಬಿಳಿ, ಕಪ್ಪು ಕೀಗಳ, ಅಂದರೆ ಮನೆಗಳ ಲೆಕ್ಕದಲ್ಲಿ ನಾವು ಶ್ರುತಿ ಹೇಳುವುದು. ಸರೋಜಕ್ಕ ಮೊದಲಿನಿಂದಲೂ ಬಿಳಿ ಐದರಲ್ಲಿ ಹಾಡುತ್ತಿದ್ದರು. ಆ ವರ್ಷ ಅವರ ಗಂಟಲಲ್ಲಿ ಸಣ್ಣ ಗಂಟು ಕಾಣಿಸಿತು. ಆರು ತಿಂಗಳು ಹಾಡಬಾರದು, ಆಮೇಲೆಯೂ ಶ್ರುತಿ ಇಳಿಸಿಯೇ ಹಾಡಬೇಕು ಎಂದರು ಮಂಗಳೂರಿನ ಡಾಕ್ಟರು. ಆರು ತಿಂಗಳು ಕಳೆದ ಮೇಲೆ ಅವರೇ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದರು.

"ಸುಮತಿ, ಇನ್ನು ನನ್ನದು ಕಪ್ಪು ಮೂರು. ಅರ್ಧ ಶ್ರುತಿ ಇಳಿದದ್ದು ಮಾರಾಯ್ತಿ, ಮರ್ಯಾದೆ ಇಳಿದದ್ದಲ್ಲ," ಎಂದು ನಕ್ಕರು. "ನಿನ್ನ ಹೊಸ ಮದ್ದಳೆ ಬರ್ತದಾ ಅಲ್ಲಿಗೆ?"

"ಬರ್ತದೆ ಅಕ್ಕ. ನೀವು ತಲೆಬಿಸಿ ಮಾಡ್ಬೇಡಿ," ಎಂದೆ.

ಬರಲಿಲ್ಲ. ಅದನ್ನು ಹೇಗೆ ಹೇಳಲಿ — ಆ ಮದ್ದಳೆ ನಾನು ಒಬ್ಬಳೇ, ಅಪ್ಪ ತೀರಿಕೊಂಡ ಮೇಲೆ, ಮೊದಲಿನಿಂದ ಕಡೆಯವರೆಗೆ ಕಟ್ಟಿದ್ದು. ಕಳಸಿಗೆ ಎನ್ನುವ ಕಕ್ಕೆ ಮರದ ಒಡಲು, ಚರ್ಮ ಎರಡನ್ನೂ ಆರಿಸಿದ್ದು ನಾನು, ಕರ್ಣೆ ಹಚ್ಚಿದ್ದು ನಾನು. ಬಿಳಿ ಐದಕ್ಕೆಂದೇ ಕಟ್ಟಿದ್ದೆ. ಅಲ್ಲಿ ಅದು ಗಂಟೆ ಬಾರಿಸಿದಂತೆ ನುಡಿಯುತ್ತಿತ್ತು. ಅರ್ಧ ಶ್ರುತಿ ಇಳಿಸಲು ಬಾರು ಸಡಿಲಿಸಿದರೆ ಹಿಟ್ಟಿನ ಡಬ್ಬ ಬಡಿದ ಹಾಗೆ. ಮೂರು ದಿನ ಒದ್ದಾಡಿದೆ. ಅಪ್ಪನ ಹಳೆಯ ಮದ್ದಳೆ ಮಂಚದ ಕೆಳಗಿತ್ತು, ಕಪ್ಪು ಮೂರಕ್ಕೆ ಹೇಳಿ ಮಾಡಿಸಿದಂಥದ್ದು. ಅದನ್ನು ತೆಗೆದುಕೊಂಡು ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಮೂಡುಬಿದಿರೆಯ ಆ ಆಟಕ್ಕೆ ಬಂಟ್ವಾಳ ಕಡೆಯ ಹಿರಿಯ ಮದ್ದಳೆಗಾರರೊಬ್ಬರು ಬರುತ್ತಾರೆ ಎಂದು ಗೊತ್ತಿತ್ತು. ಹೆಂಗಸು ಕಟ್ಟಿದ ಮದ್ದಳೆಯಂತೆ, ನೋಡುವ ಎಂದಿದ್ದರಂತೆ ಅವರು. ಆ "ನೋಡುವ" ನನ್ನ ತಲೆಗೆ ಹೊಕ್ಕಿತು.

ಚೆಂಡೆಯವರನ್ನು ನಾವು ಹೊರಗಿನಿಂದ ಕರೆಸುವುದು. ಫೋನು ಮಾಡಿದೆ.

"ಭಾಗವತರು ಶ್ರುತಿ ಇಳಿಸಿದ್ದಾರೆ ಅಂತ ಯಾರೋ ಹೇಳಿದ್ರು?" ಎಂದು ಅವರು ಕೇಳಿದರು.

"ಇಲ್ಲ, ಬಿಳಿ ಐದೇ. ಆ ಚೆಂಡೆಯನ್ನೇ ತನ್ನಿ," ಎಂದೆ.

ಆಗ ನನ್ನ ಸ್ವರ ನಡುಗಲಿಲ್ಲ. ಇದನ್ನು ಬರೆಯಲೇಬೇಕು. ನಾನು ಅವಸರದಲ್ಲಿ, ಗೊತ್ತಿಲ್ಲದೆ ಮಾಡಿದ್ದಲ್ಲ. ಅರ್ಧ ಶ್ರುತಿ ತಾನೇ, ಆರು ತಿಂಗಳು ವಿಶ್ರಾಂತಿ ಆಗಿದೆಯಲ್ಲ, ಡಾಕ್ಟರುಗಳು ಯಾವಾಗಲೂ ಸ್ವಲ್ಪ ಹೆಚ್ಚೇ ಹೆದರಿಸುತ್ತಾರೆ — ಹೀಗೆ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ ಎಂದು ಹೇಳಿಕೊಳ್ಳುವಾಗಲೇ ಗೊತ್ತಿತ್ತು. ಆದರೂ ಫೋನು ಮತ್ತೆ ಎತ್ತಲಿಲ್ಲ.

ನಮ್ಮಲ್ಲಿ ಶ್ರುತಿ ಇಡುವುದು ಮದ್ದಳೆಯವರ ಕೆಲಸ. ಭಾಗವತರು ರಂಗಸ್ಥಳಕ್ಕೆ ಬಂದು ಕೂರುವ ಮೊದಲೇ ಪೆಟ್ಟಿಗೆ ನುಡಿಯುತ್ತಿರಬೇಕು, ಮದ್ದಳೆ ಅದಕ್ಕೆ ಸೇರಿರಬೇಕು. ಭಾಗವತರು ಬಂದು ಗುಂಡಿ ಬಗ್ಗಿ ನೋಡಿದರೆ, ನಿನ್ನ ಮೇಲೆ ನಂಬಿಕೆ ಇಲ್ಲ ಎಂದು ಸಭೆಯ ಎದುರು ಹೇಳಿದಂತೆ. ಸರೋಜಕ್ಕ ನೋಡುವವರಲ್ಲ ಎಂದು ನನಗೆ ಗೊತ್ತಿತ್ತು. ಗುಂಡಿಯನ್ನು ಬಿಳಿ ಐದಕ್ಕೆ ತಿರುಗಿಸಿ, ಪೆಟ್ಟಿಗೆಯನ್ನು ನನ್ನ ಸೀರೆಯ ಸೆರಗಿನ ಮರೆಗೆ ಸರಿಸಿಟ್ಟುಕೊಂಡೆ.

ಅವರು ಬಂದು ಕೂತು, ಪೆಟ್ಟಿಗೆಗೆ ಕೈಮುಗಿದು, ನನ್ನ ಕಡೆ ನೋಡಿ ಮುಗುಳ್ನಕ್ಕರು. ಮೊದಲ ಸ್ತುತಿ ಚೆನ್ನಾಗಿ ಬಂತು. ಆರು ತಿಂಗಳ ಹಸಿವು ಅದರಲ್ಲಿತ್ತು. ನೋಡು, ಏನೂ ಆಗಲಿಲ್ಲ ಎಂದುಕೊಂಡೆ. ಮದ್ದಳೆ ಅದ್ಭುತವಾಗಿ ನುಡಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಬಂಟ್ವಾಳದ ಹಿರಿಯರು ಕಣ್ಣುಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಒಂದು ಗಂಟೆ ಕಳೆದಿರಬೇಕು. ಸರೋಜಕ್ಕ ಎರಡು ಸಲ ಹಾಡುವ ಸಾಲನ್ನು ಒಂದೇ ಸಲ ಹಾಡಿ ಬಿಟ್ಟರು. ಬೇರೆ ಯಾರಿಗೂ ಗೊತ್ತಾಗುವಂಥದ್ದಲ್ಲ. ಪಕ್ಕದಲ್ಲಿ ಹದಿನಾಲ್ಕು ವರ್ಷ ಕೂತವಳಿಗೆ ಗೊತ್ತಾಯಿತು. ಆಮೇಲೆ ಮೇಲಕ್ಕೆ ಹೋಗಬೇಕಾದ ಕಡೆ ಹೋಗದೆ ತಿರುಗಿ ಬಂದರು. ಪದ್ಯ ಪದ್ಯದ ನಡುವೆ ಫ್ಲಾಸ್ಕಿನಿಂದ ಬಿಸಿನೀರು. ಕುತ್ತಿಗೆಯ ಒಂದು ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರು.

ಆ ದಿನದ ಪ್ರಸಂಗದಲ್ಲಿ ಯುದ್ಧಕ್ಕೆ ಹೊರಟ ಮಗನನ್ನು ತಾಯಿ ತಡೆಯುವ ಒಂದು ಪದ್ಯ ಇತ್ತು. ಅದರ ಕೊನೆಯಲ್ಲಿ ಮೇಲಿನ ಷಡ್ಜದಲ್ಲಿ ಉಸಿರು ಇರುವಷ್ಟು ಹೊತ್ತು ನಿಲ್ಲಬೇಕು. ಅವರ ಹೆಸರು ಇದ್ದದ್ದೇ ಆ ಪದ್ಯಕ್ಕೆ. ಜನ ಬಂದದ್ದೂ ಅದಕ್ಕೇ. ಅದು ಎಲ್ಲಿ ಬರುತ್ತದೆ ಎಂದು ನನಗೆ ಗೊತ್ತಿತ್ತು. ಒಂದೊಂದು ವೇಷ ಬಂದು ಕುಣಿದು ಹೋದ ಹಾಗೆ ಅದು ಹತ್ತಿರವಾಗುತ್ತಿತ್ತು. ಮಗನ ವೇಷ ಪ್ರವೇಶವಾಯಿತು. ಇನ್ನು ಮೂರು ಪದ್ಯ. ಇನ್ನು ಎರಡು. ನನ್ನ ಬೆರಳುಗಳು ಬೆವರಿ ಕರ್ಣೆಯ ಮೇಲೆ ಜಾರಿದವು.

ಮಗ ಮಾತಿಗೆ ನಿಂತಾಗ ಸರೋಜಕ್ಕ ನನ್ನ ಕಡೆ ವಾಲಿ, ತುಟಿ ಅಲುಗದಂತೆ ಕೇಳಿದರು:

"ಸುಮತಿ, ಕಪ್ಪು ಮೂರೇ ಅಲ್ವಾ?"

"ಹೌದು ಅಕ್ಕ. ಕಪ್ಪು ಮೂರೇ."

ಅಷ್ಟೇ. ಅವರು ತಲೆಯಾಡಿಸಿದರು — ಕ್ಷಮಿಸು, ಕೇಳಬಾರದಿತ್ತು ಎನ್ನುವ ಹಾಗೆ. ಮಗನ ಮಾತು, ಆ ಅರ್ಥಗಾರಿಕೆ, ಹತ್ತು ನಿಮಿಷ ನಡೆಯಿತು. ಹತ್ತು ನಿಮಿಷ! ಇಲ್ಲ ಅಕ್ಕ, ಬಿಳಿ ಐದು ಇದೆ, ಆ ಷಡ್ಜ ಬೇಡ, ಬಿಟ್ಟುಬಿಡಿ ಎನ್ನಲು ಅಷ್ಟು ಹೊತ್ತು ಬೇಕಿರಲಿಲ್ಲ. ನಾನು ಏನು ಮಾಡಿದೆ ಗೊತ್ತೇ — ಸಣ್ಣ ಸುತ್ತಿಗೆ ತೆಗೆದು ಮದ್ದಳೆಯ ಅಂಚಿಗೆ ಮೆಲ್ಲಗೆ ತಟ್ಟಿ, ಶ್ರುತಿಯನ್ನು ಇನ್ನಷ್ಟು ಸರಿಮಾಡಿಕೊಂಡೆ.

ಪದ್ಯ ಶುರುವಾಯಿತು. ತಾಯಿಯ ವೇಷದವಳು ಕೈ ಚಾಚಿ ನಿಂತಿದ್ದಳು. ಸರೋಜಕ್ಕ ಮೇಲಕ್ಕೆ ಹೋದರು, ಷಡ್ಜ ಮುಟ್ಟಿದರು — ಮುಟ್ಟಿದರು, ಅದನ್ನು ಹೇಳಬೇಕು — ಒಂದು ಕ್ಷಣ ಅಲ್ಲಿ ನಿಂತರು. ಮತ್ತೆ ಹಳೆಯ ಬಟ್ಟೆ ಹರಿದಂಥ ಒಂದು ಸದ್ದು. ಆಮೇಲೆ ಬರೀ ಗಾಳಿ. ಬಾಯಿ ತೆರೆದೇ ಇತ್ತು, ಮೈಕಿನಲ್ಲಿ ಗಾಳಿ ಮಾತ್ರ ಕೇಳುತ್ತಿತ್ತು. ತಾಯಿಯ ವೇಷದವಳು ಚಾಚಿದ ಕೈ ಇಳಿಸಲೂ ಆಗದೆ ಹಾಗೆಯೇ ನಿಂತಳು. ನಾನು ಬಾರಿಸುತ್ತಲೇ ಇದ್ದೆ. ಆ ಮದ್ದಳೆ ಅಷ್ಟು ಚೆನ್ನಾಗಿ ನುಡಿದದ್ದು ಅದೇ ಮೊದಲು. ತಂಡದ ಇನ್ನೊಬ್ಬಳು ಓಡಿ ಬಂದು ಜಾಗಟೆ ತೆಗೆದುಕೊಂಡು ಆಟವನ್ನು ಹೇಗೋ ಮುಗಿಸಿದಳು.

ಜನ ಏಳುವ ಗಲಾಟೆಯಲ್ಲಿ ನಾನು ಮಾಡಿದ ಮೊದಲ ಕೆಲಸ, ಗುಂಡಿಯನ್ನು ಕಪ್ಪು ಮೂರಕ್ಕೆ ತಿರುಗಿಸಿದ್ದು.

ಚೌಕಿಯಲ್ಲಿ, ವೇಷ ಬಿಚ್ಚುವವರ ನಡುವೆ, ಸರೋಜಕ್ಕ ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು. ನನ್ನ ಕೈ ಹಿಡಿದು, ಇಲ್ಲದ ಸ್ವರದಲ್ಲಿ ಹೇಳಿದರು: "ಕಪ್ಪು ಮೂರರಲ್ಲೂ ಆಗ್ಲಿಲ್ಲ ಸುಮತಿ. ಅಂದ್ರೆ ಮುಗೀತು." ಹಿಂದೆಯೇ ಬಂಟ್ವಾಳದ ಹಿರಿಯರು ಬಂದು, ಮದ್ದಳೆ ಯಾರು ಕಟ್ಟಿದ್ದು, ನೀವೇಯಾ, ಭೇಷ್ ಎಂದರು. ನಾನು ಅವರಿಗೆ ಬಗ್ಗಿ ನಮಸ್ಕಾರ ಮಾಡಿದೆ. ನನ್ನ ಇನ್ನೊಂದು ಕೈ ಆಗಲೂ ಸರೋಜಕ್ಕನ ಕೈಯಲ್ಲೇ ಇತ್ತು.

ಮತ್ತೆ ಅವರು ಹಾಡಲಿಲ್ಲ. ಮಾತು ಎರಡು ತಿಂಗಳಲ್ಲಿ ಮರಳಿತು. ಇನ್ನೊಮ್ಮೆ ನೋಡುವ, ಇನ್ನೂ ಇಳಿಸಿ ನೋಡುವ ಎಂದು ತಂಡದವರು ಹೇಳಿದರು, ಅವರು ಒಪ್ಪಲಿಲ್ಲ. ಇಳಿಸಿ ನೋಡಿ ಆಗಿದೆಯಲ್ಲ ಎನ್ನುತ್ತಿದ್ದರು. ಮನೆಗೆ ಬರುತ್ತಿದ್ದ ಮಕ್ಕಳಿಗೆ ಪಾಠ ಹೇಳುವುದನ್ನೂ ನಿಲ್ಲಿಸಿದರು. ನಾಚಿಕೆಯಿಂದ ಇರಬೇಕು ಎಂದು ನಾನು ತಿಳಿದಿದ್ದೆ. ನನ್ನ ಮದ್ದಳೆಗೆ ಮಾತ್ರ ಹೆಸರು ಬಂತು. ಬೆಳ್ತಂಗಡಿಯಿಂದ, ಚಾರ್ಮಾಡಿಯಿಂದ ಜನ ಹುಡುಕಿಕೊಂಡು ಬಂದರು. ಅದರಿಂದಾಚೆ ನಾನು ಮದ್ದಳೆ ಮುಟ್ಟಲಿಲ್ಲ ಎಂದು ಬರೆದರೆ ಓದಲು ಚೆನ್ನ. ಮುಟ್ಟಿದೆ. ಇವತ್ತಿಗೂ ಬಾರಿಸುತ್ತೇನೆ.

ಸರೋಜಕ್ಕ ಈಗ ಜಗಲಿಯಲ್ಲಿ ಕೂತು ವೇಷದ ಒಡವೆ ಮಾಡುತ್ತಾರೆ. ಎದೆಪದಕ, ತೋಳಿನ ಕಟ್ಟು, ಸೊಂಟದ ಪಟ್ಟಿ. ಬಟ್ಟೆಯ ಮೇಲೆ ಮಣಿ ಪೋಣಿಸಿ, ಕನ್ನಡಿ ಚೂರು ಕೂರಿಸಿ, ಅಂಚಿಗೆ ಜರಿ ಹೊಲಿಯುತ್ತಾರೆ. ಬಟ್ಟೆ ಕತ್ತರಿಸಿ ಕೊಡುವವಳು ನಾನು. ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ಒಂದೇ ಚಾಪೆಯ ಮೇಲೆ ಇಬ್ಬರೂ ಕೂತು ಮಧ್ಯಾಹ್ನವಿಡೀ ಸೂಜಿ ಹಿಡಿಯುತ್ತೇವೆ. ಕೆಲಸದಲ್ಲಿ ಅವರು ಬಹಳ ಶುದ್ಧ. ಒಂದು ಮಣಿ ಅಡ್ಡ ಬಿದ್ದರೆ ಇಡೀ ಸಾಲು ಬಿಚ್ಚುತ್ತಾರೆ. ಎಲ್ಲ ಮಾತೂ ಆಡುತ್ತೇವೆ — ಸೊಸೆಯ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ. ಹಾಡಿನ ಬಗ್ಗೆ ಮಾತ್ರ ಆಡುವುದಿಲ್ಲ. ಆ ಮನೆಯಲ್ಲಿ ರೇಡಿಯೋ ಕೂಡ ಇಲ್ಲ. ಒಂಬತ್ತು ವರ್ಷ ಆ ಮೌನದ ಹತ್ತಿರ ಕೂತು, ಅವರ ಕೈಯ ಚಹಾ ಕುಡಿದು ಬಂದಿದ್ದೇನೆ.

ಕಳೆದ ವಾರ ನಾನು ಹೋದಾಗ ಪಕ್ಕದ ಮನೆಯವರು ಮಗಳನ್ನು ಕರೆತಂದಿದ್ದರು, ಭಾಗವತಿಕೆ ಕಲಿಸಿಕೊಡಿ ಎಂದು. ಸರೋಜಕ್ಕ ಅವರನ್ನು ನಯವಾಗಿ ಸಾಗಹಾಕಿದರು. ನಾನು ಸುಮ್ಮನಿರದೆ, ಕಲಿಸಲಿಕ್ಕೆ ದೊಡ್ಡ ಸ್ವರ ಬೇಕಾಗುವುದಿಲ್ಲವಲ್ಲ ಎಂದುಬಿಟ್ಟೆ. ಅವರು ಸೂಜಿಗೆ ದಾರ ಹಾಕುತ್ತಾ ಹೇಳಿದರು —

"ಸ್ವರದ ವಿಷಯ ಅಲ್ಲ ಸುಮತಿ. ಆ ದಿನ ನನ್ನ ಕಿವಿಗೆ ಶ್ರುತಿ ಮೇಲೆ ಕೇಳ್ತಾ ಇತ್ತು. ಖಂಡಿತ ಬಿಳಿ ಐದು ಅಂತಲೇ ಕೇಳ್ತಾ ಇತ್ತು. ಅದಕ್ಕೇ ನಿನ್ನನ್ನು ಕೇಳಿದ್ದು. ನೀನು ಕಪ್ಪು ಮೂರು ಅಂದೆ. ನೀನು ತಪ್ಪು ಹೇಳುವವಳಲ್ಲ. ಗಂಟಲು ಹೋದ್ರೆ ಹೋಗ್ಲಿ, ಕಿವಿಯೂ ಹೋಗಿದೆ ಅಂತ ನನಗೆ ಆಗ ಗೊತ್ತಾಯ್ತು. ಕಿವಿ ಹೋದವಳು ಮಕ್ಕಳಿಗೆ ಏನು ಕಲಿಸುವುದು?"

ಬಸ್ಸು ಉಂಟು ಅಕ್ಕ, ಹೋಗ್ತೇನೆ ಎಂದು ಎದ್ದುಬಿಟ್ಟೆ. ಬಸ್ಸು ಇದ್ದದ್ದು ಒಂದು ಗಂಟೆ ಕಳೆದ ಮೇಲೆ. ಅಷ್ಟು ಹೊತ್ತು ನಿಲ್ದಾಣದ ಕಲ್ಲಿನ ಮೇಲೆ ಕೂತೆ. ಇಷ್ಟು ವರ್ಷ ನಾನು ಅಂದುಕೊಂಡದ್ದು, ಅವರ ಗಂಟಲು ತೆಗೆದೆ ಎಂದು. ಗಂಟಲು ಹೇಗೂ ಒಂದು ದಿನ ಹೋಗುತ್ತಿತ್ತೋ ಏನೋ — ಹಾಗೆ ಸಮಾಧಾನ ಮಾಡಿಕೊಳ್ಳಲು ಒಂದು ಸಂದು ಇತ್ತು. ಕಿವಿಯ ಮೇಲೆ ಅವರಿಗಿದ್ದ ನಂಬಿಕೆಯನ್ನು ನಾನು ತೆಗೆದೆ. ಅದು ತಾನಾಗಿ ಹೋಗುವಂಥದ್ದಾಗಿರಲಿಲ್ಲ. ಎಷ್ಟು ಮಕ್ಕಳು ಅವರ ಮನೆಯ ಮೆಟ್ಟಿಲಿನಿಂದ ಹಾಗೆಯೇ ವಾಪಸು ಹೋಗಿರಬಹುದು.

ಇದನ್ನು ಬರೆದದ್ದು ನಾಳೆ ಬಾಯಿ ಕಟ್ಟಬಾರದು ಎಂದು. ನಾಳೆ ಬೆಳಗ್ಗೆ ಸಿದ್ದಕಟ್ಟೆಗೆ ಹೋಗುತ್ತೇನೆ. ಬಟ್ಟೆ ತೆಗೆದುಕೊಂಡು ಹೋಗುವುದಿಲ್ಲ. ಕೈಯಲ್ಲಿ ಕೆಲಸ ಇದ್ದರೆ ಅದರೊಳಗೆ ಮುಖ ಹುದುಗಿಸಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ.

ಸರೋಜಕ್ಕ, ಆ ದಿನ ನೀವು ಕೇಳಿಸಿಕೊಂಡದ್ದು ಸರಿಯಾಗಿತ್ತು. ಅಷ್ಟು ದೊಡ್ಡ ಸಭೆಯಲ್ಲಿ ಅದು ಗೊತ್ತಾದದ್ದು ನಿಮ್ಮೊಬ್ಬರಿಗೆ. ಇಷ್ಟನ್ನು ಹೇಳಿ ಚಾಪೆಯ ಮೇಲೆ ಕೂತಿರುತ್ತೇನೆ. ಎದ್ದು ಹೋಗು ಎಂದು ನೀವು ಹೇಳಿದರೆ ಹೋಗುತ್ತೇನೆ. ಅದಕ್ಕೆ ಮೊದಲು ಏಳುವುದಿಲ್ಲ.