ಸಿಂಫನಿಯ ನಡುವೆ ಅಜ್ಜನ ಚಪ್ಪಾಳೆ

ಆಗೆಲ್ಲ ಅಮೆರಿಕದ ಡ್ಯಾನ್‌ವಿಲ್‌ನ ನಮ್ಮ ಮನೆಯಲ್ಲಿ ಬಾಯಿ ತೆರೆದರೆ ಸ್ಟಾರ್ಟಪ್ಪಿನದೇ ಮಾತು. ಅಪ್ಪನಿಗೆ ಮೀಟಿಂಗು, ಅಮ್ಮನಿಗೆ ಡೆಡ್‌ಲೈನು. ನನ್ನ ಶಾಲೆಯ ಆರ್ಕೆಸ್ಟ್ರಾ ಕೇಳಲು ಪುರುಸೊತ್ತಿದ್ದದ್ದು ಒಬ್ಬನಿಗೇ, ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಅಜ್ಜನಿಗೆ. ಅದೇ ನನ್ನ ಕರ್ಮ!

ನನಗೆ ಹನ್ನೊಂದು ವರ್ಷ, ಪಿಟೀಲಿಗಿಂತ ತುಸು ದೊಡ್ಡದಾದ ವಯೊಲಾ ನುಡಿಸುತ್ತಿದ್ದೆ. ಚಳಿಗಾಲದ ಕಾರ್ಯಕ್ರಮಕ್ಕೆ ಒಂದು ಪುಟ್ಟ ಸಿಂಫನಿ ಕಲಿತಿದ್ದೆವು, ನಾಲ್ಕು ಭಾಗದ್ದು. ಭಾಗಗಳ ನಡುವೆ ಯಾರೂ ಉಸಿರೆತ್ತಬಾರದು, ಚಪ್ಪಾಳೆ ಏನಿದ್ದರೂ ಕೊನೆಯಲ್ಲಿ. ಅಪ್ಪ ನಮ್ಮಿಬ್ಬರನ್ನು ಶಾಲೆಗೆ ಬಿಟ್ಟುಬರಲು ಹೊರಟ ಕಾರಿನಲ್ಲಿ ಮೂರು ಸಲ ಹೇಳಿದ್ದೆ. ಅಜ್ಜ ಪುಟಾಣಿ ಮೆಲ್ಲುತ್ತ ಮೂರು ಸಲವೂ ತಲೆಯಾಡಿಸಿದ್ದ.

ಮೊದಲ ಭಾಗ ಮುಗಿಯಿತು. ಸಭಾಂಗಣವೆಲ್ಲ ಗಪ್‌ಚುಪ್.

"ವಾಹ್! ಕ್ಯಾ ಬಾತ್ ಹೈ! ಇನ್ನೊಮ್ಮೆ ಬಾರಿಸ್ರಿ!"

ಮೂರನೇ ಸಾಲಿನಿಂದ ಪಟಪಟ ಚಪ್ಪಾಳೆ ಬೇರೆ. ಎಲ್ಲರೂ ತಿರುಗಿ ನೋಡಿದರು. ನಮಗೆ ನಗು ಬಂದು, ಎರಡನೇ ಭಾಗದ ಆರಂಭ ಎಕ್ಕುಟ್ಟಿಹೋಯಿತು.

"ಅಜ್ಜಾ, ವೈ?" ಎಂದು ವಾಪಸು ಬರುವಾಗ ಕಾರಿನಲ್ಲಿ ಅಳತೊಡಗಿದೆ.

"ಅಷ್ಟು ಚಲೋ ಬಾರಿಸೀರಿ ಅಲ್ಲವಾ! ಬಾಯಿ ಮುಚಗೊಂಡು ಕುಂತ್ರ ಬಾರಿಸಿದವ್ರಿಗೆ ಅವಮಾನ ಅಲ್ಲೇನು?"

"ನೆಕ್ಸ್ಟ್ ಟೈಮ್ ಡೋಂಟ್ ಕಮ್."

ಅಷ್ಟು ಇಂಗ್ಲಿಷು ಅಜ್ಜನಿಗೆ ಬರುತ್ತಿತ್ತು. ಮನೆ ಬರುವವರೆಗೂ ಫ್ರೀವೇ ನೋಡುತ್ತ ಕೂತ.

ಆಮೇಲೆ ಟೀಚರು ಒಬ್ಬೊಬ್ಬರಿಗೆ ಒಂದೊಂದು ದೇಶದ ಸಿಂಫನಿಯ ಇತಿಹಾಸ ಬರೆಯಲು ಹೇಳಿದರು. ನನ್ನ ಪಾಲಿಗೆ ಬಂದದ್ದು ಆಸ್ಟ್ರಿಯಾ. ಲೈಬ್ರರಿಯ ದಪ್ಪ ಪುಸ್ತಕ ಬಿಚ್ಚಿದೆ. ಸಿಂಫನಿ ಮೊದಲು ಶ್ರೀಮಂತರ ಮಹಲುಗಳಲ್ಲಿ ಬೆಳೆದದ್ದು, ಮೂರು ಭಾಗವಿದ್ದದ್ದು ನಾಲ್ಕಾದದ್ದು, ವಾದ್ಯಗಳು ಹೆಚ್ಚುತ್ತ ಹೋದದ್ದು, ಎಲ್ಲ ಬರೆದುಕೊಂಡೆ. ಪುಟ ತಿರುಗಿಸಿದರೆ ಅಲ್ಲಿತ್ತು: ಆ ಕಾಲದ ಜನ ಒಂದೊಂದು ಭಾಗ ಮುಗಿದಾಗಲೂ ಚಪ್ಪಾಳೆ ತಟ್ಟುತ್ತಿದ್ದರು, ಹಿಡಿಸಿದರೆ ಅದನ್ನೇ ಮತ್ತೊಮ್ಮೆ ನುಡಿಸಿ ಎನ್ನುತ್ತಿದ್ದರು. ಸುಮ್ಮನೆ ಕೂರುವ ಶಿಸ್ತು ಬಂದದ್ದು ಎಷ್ಟೋ ಕಾಲದ ಮೇಲೆ.

ಓದಿ ಮೈಯೆಲ್ಲ ಉರಿಯಿತು. ಈ ಮುದುಕ ಹೇಳಿದ್ದೇ ಸರಿ ಆಗಬೇಕೇ!

"ಏನ ಬರಿಯಾಕತ್ತೀಯವಾ?" ಅಜ್ಜ ಬಾಗಿಲಲ್ಲಿ ನಿಂತು ಕೇಳಿದ.

"ನಥಿಂಗ್."

ವಸಂತದಲ್ಲಿ ಮತ್ತೆ ಕಾರ್ಯಕ್ರಮ. ಮರುವಾರ ಅಜ್ಜನಿಗೆ ಊರಿನ ವಿಮಾನ. "ಬರಲೇನವಾ? ಪಿಟ್ ಅನ್ನೂದಿಲ್ಲ," ಎಂದು ನನ್ನನ್ನೇ ಕೇಳಿದ. ನಾನೋ, ದೊಡ್ಡ ಮಹಾರಾಣಿ, "ಓಕೆ" ಎಂದೆ.

ಆ ದಿನ ನಿಜಕ್ಕೂ ಚೆನ್ನಾಗಿ ನುಡಿಸಿದೆವು. ಮೊದಲ ಭಾಗ ಮುಗಿದದ್ದೇ ನಾನು ಮೂರನೇ ಸಾಲಿನತ್ತ ನೋಡಿದೆ. ಅಜ್ಜ ತುಟಿ ಬಿಗಿಹಿಡಿದು, ಎರಡೂ ಕೈಗಳನ್ನು ಶಾಲಿನೊಳಗೆ ತುರುಕಿಕೊಂಡು ಕೂತಿದ್ದ. ಹೇಳಜ್ಜಾ, ಒಂದು ವಾಹ್ ಹೇಳು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಜ್ಜ ಪಿಟ್ ಅನ್ನಲಿಲ್ಲ. ಕೊನೆಗೆ ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟುವಾಗಲೂ, ಈಗ ತಟ್ಟಬಹುದೇ ಎಂಬಂತೆ ಮೊದಲು ನನ್ನ ಮುಖ ನೋಡಿದ.

ಅಜ್ಜ ಮತ್ತೆ ಅಮೆರಿಕಕ್ಕೆ ಬರಲಿಲ್ಲ. ಈಗಲೂ ನಾನು ಸಿಂಫನಿ ಕೇಳಲು ಹೋಗುತ್ತೇನೆ. ಭಾಗಗಳ ನಡುವೆ ಸಾವಿರ ಜನ ಕೆಮ್ಮುತ್ತಾರೆ, ಒಬ್ಬರಾದರೂ ಚಲೋ ಆಯಿತು ಎನ್ನುವುದಿಲ್ಲ. ಎಂಥ ಜನವಪ್ಪಾ ಎಂದು ಸಿಟ್ಟು ಬರುತ್ತದೆ. ಆಮೇಲೆ ಆ ಪುಸ್ತಕದ ಪುಟ ನೆನಪಾಗುತ್ತದೆ. ನನ್ನ ಹರಕು ಕನ್ನಡದಲ್ಲಿ ಅದನ್ನು ಅಜ್ಜನಿಗೆ ಹೇಳಲು ಎರಡು ನಿಮಿಷ ಸಾಕಿತ್ತು.