ಕೋಲಾರಕ್ಕೆ ಹೋಗಿಬರುವ ಪೆಟ್ರೋಲು

ಗೌನಿಪಲ್ಲಿಯ ಆವಲಪ್ಪ ಹಳೆಯ ಮಾರುತಿ ವ್ಯಾನು ಓಡಿಸಿಯೇ ಮಗಳ ಮದುವೆ ಮಾಡಿದವನು. ಬಾಡಿಗೆ ಮಾತಿನಲ್ಲಿ ಗಟ್ಟಿ ಮನುಷ್ಯ, ಚೌಕಾಸಿಗೆ ಬಗ್ಗುವವನಲ್ಲ. ಆದರೆ ಆಸ್ಪತ್ರೆಗೆ ಹೋಗುವವರ ಹತ್ತಿರ ಪೆಟ್ರೋಲಿನ ದುಡ್ಡು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ತಾಯಿ ತೀರಿಕೊಂಡಾಗಿನಿಂದ ಹಿಡಿದ ನೇಮ ಅದು.

ಕಳೆದ ಜೂನ್‌ನಲ್ಲಿ ಪಕ್ಕದ ಬೀದಿಯ ಮುನಿರಾಮಪ್ಪನ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಕೋಲಾರಕ್ಕೆ ಹೋಗಬೇಕು, ಬಸ್ಸು ಹತ್ತುವ ಶಕ್ತಿ ಅವನಿಗಿರಲಿಲ್ಲ. ಹೆಂಡತಿ ಮುನಿಯಲ್ಲಮ್ಮ ಬಂದು ಎಷ್ಟಾಗುತ್ತದೆಂದು ಕೇಳಿದಳು.

“ಹೋಗಿಬರೋಕೆ ಎಂಟು ಲೀಟರ್ ಆಗುತ್ತಕ್ಕ. ಅದರ ಮೇಲೆ ಒಂದು ಪೈಸೆ ಬೇಡ,” ಎಂದು ಆವಲಪ್ಪ ಸ್ಟೀರಿಂಗಿನ ಮುಂದಿದ್ದ ಕಾಣಿಪಾಕದ ವಿನಾಯಕನನ್ನು ಮುಟ್ಟಿದ. ಆ ದೇವರನ್ನು ಮುಟ್ಟಿ ಆಡಿದ ಮಾತನ್ನು ಆ ಸೀಮೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ.

ದಾರಿಯುದ್ದಕ್ಕೂ ಮುನಿರಾಮಪ್ಪ ತಮಾಷೆ ಮಾಡುತ್ತಿದ್ದ. “ಏನ್ಲಾ ಆವ್ಲಾ, ನನಗೆ ದಿನಕ್ಕೆ ಒಂದು ಲೀಟರ್ ನೀರು ಅಂತ ಡಾಕ್ಟ್ರು ಕಟ್ಟುನಿಟ್ಟು ಮಾಡವ್ರೆ. ನಿನ್ನ ಗಾಡಿಗೆ ಎಂಟು ಲೀಟರಾ?”

ಆಗಸ್ಟ್‌ನಲ್ಲಿ ಮುನಿಯಲ್ಲಮ್ಮ, “ಶುಕ್ರವಾರ ಬೇಡಣ್ಣ, ವಾರಕ್ಕೆ ಎರಡೇ ಸಲ ಹೋಗೋಣ,” ಎಂದಳು. ಯಾಕೆಂದು ಆವಲಪ್ಪ ಕೇಳಲಿಲ್ಲ, ದುಡ್ಡು ಸಾಲುತ್ತಿಲ್ಲವೆಂದು ಗೊತ್ತಿತ್ತು. ಮುನಿರಾಮಪ್ಪನ ಮುಖ ಊದಿಕೊಳ್ಳುತ್ತಾ ಬಂತು. ತಮಾಷೆ ನಿಂತಿತು.

ಆವಲಪ್ಪ ಯಾವಾಗಲೂ ಐನೂರಕ್ಕೋ ಸಾವಿರಕ್ಕೋ ಪೆಟ್ರೋಲು ಹಾಕಿಸುವವನು. ಡಿಸೆಂಬರಿನಲ್ಲಿ ತಿರುಪತಿ ಬಾಡಿಗೆಗೆಂದು ಟ್ಯಾಂಕು ಬಾಯಿತನಕ ತುಂಬಿಸಿದ್ದ. ಆ ಬಾಡಿಗೆ ತಪ್ಪಿತು, ಅದೇ ಟ್ಯಾಂಕಿನಲ್ಲಿ ಕೋಲಾರಕ್ಕೆ ಹೋಗಿಬಂದು ಮತ್ತೆ ತುಂಬಿಸಿದ. ಬಂಕಿನ ಮೀಟರು ಆರು ಲೀಟರಿಗೇ ನಿಂತಿತು. ಇನ್ನೂ ಹಾಕೆಂದ. ಪೆಟ್ರೋಲು ಉಕ್ಕಿ ನೆಲಕ್ಕೆ ಚೆಲ್ಲಿತು.

ಅಲ್ಲೇ ನಿಂತು ಯೋಚಿಸಿದಾಗ ಹೊಳೆಯಿತು. ಎಂಟು ಲೀಟರೆಂದು ಅಳೆದದ್ದು ಒಂದೇ ಸಲ, ಮಾವಿನ ಸುಗ್ಗಿಯಲ್ಲಿ ಕೋಲಾರಕ್ಕೆ ಹೋಗಿಬಂದಾಗ. ಅವತ್ತು ಹಿಂದಿನ ಸೀಟು ಬಿಚ್ಚಿ ವ್ಯಾನಿನ ತುಂಬ ತೋತಾಪುರಿ ಹೇರಿದ್ದ. ದಾರಿಯಲ್ಲಿ ಶ್ರೀನಿವಾಸಪುರದ ಮಂಡಿಯ ಸಾಲಿನಲ್ಲಿ ಎರಡು ಗಂಟೆ ಎಂಜಿನ್ ಆರಿಸದೆ ಒಂದೊಂದೇ ಮಾರು ಸರಿದಿದ್ದ. ಒಬ್ಬ ರೋಗಿ, ಒಬ್ಬ ಹೆಂಗಸು ಕೂತ ಗಾಡಿಗೆ ಆ ಲೆಕ್ಕ ಹಿಡಿದಿದ್ದ.

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಮೂರನೆಯ ದಿನ ತಾನು ಕಟ್ಟುತ್ತಿದ್ದ ತಿಂಗಳ ಚೀಟಿ ಎತ್ತಿ, ದುಡ್ಡು ಹಿಡಿದು ಹೋದ. ಮುನಿಯಲ್ಲಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ಅಕ್ಕ, ನಾನು ತಪ್ಪು ಅಳೆದಿದ್ದೆ. ಟ್ರಿಪ್ಪಿಗೆ ಎರಡು ಲೀಟರ್ ಜಾಸ್ತಿ ತಗೊಂಡಿದ್ದೀನಿ. ಅರವತ್ತು ಟ್ರಿಪ್ಪಿನದು ಇದು.”

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. “ಆರೇ ಲೀಟರ್ ಆಗಿದ್ರೆ ಶುಕ್ರವಾರ ಬಿಡ್ತಿರಲಿಲ್ಲ ಕಣಣ್ಣ,” ಎಂದಳು.

ಆವಲಪ್ಪ ತಲೆ ತಗ್ಗಿಸಿದ. “ಅದನ್ನ ವಾಪಸ್ ಕೊಡೋಕೆ ನನ್ನ ಕೈಲಾಗಲ್ಲಕ್ಕ.”

“ಆಗಲ್ಲ.” ದುಡ್ಡು ಬೇಡವೆನ್ನಲಿಲ್ಲ ಅವಳು, ಎಣಿಸಿ ಸೆರಗಿಗೆ ಕಟ್ಟಿಕೊಂಡಳು. “ನಾಳೆ ಶುಕ್ರವಾರ. ಗಾಡಿ ತಗೊಂಡು ಬಾ. ಹೋಗೋವಾಗ್ಲೂ ಬಂದ ಮೇಲೂ ಟ್ಯಾಂಕ್ ತುಂಬಿಸೋಣ, ನಾನೂ ಇಳಿದು ನೋಡ್ತೀನಿ.”

ಮರುದಿನ ಬೆಳಿಗ್ಗೆ ಬಂಕಿನಲ್ಲಿ ಅವಳು ಮೀಟರಿನ ಎದುರು ನಿಂತು, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದಳು. ಒಳಗೆ ಮುನಿರಾಮಪ್ಪ ಊದಿದ ಕಾಲನ್ನು ಸೀಟಿನ ಮೇಲಿಟ್ಟು ಕಣ್ಣುಮುಚ್ಚಿ ಒರಗಿದ್ದ. ಅವಳು “ಸರಿ” ಅನ್ನುವತನಕ ಆವಲಪ್ಪ ಟ್ಯಾಂಕಿನ ಮುಚ್ಚಳ ಹಾಕಲಿಲ್ಲ.